ತಲೆಯ ಮೇಲಿನ ಸುಣ್ಣ

2021ನೆಯ ಇಸವಿಯ ಮೇ ತಿಂಗಳ ನಡುವಿನಲ್ಲಿ ತೌಕ್ತೆ ಎಂಬ ಚಂಡಮಾರುತವು ಅರಬ್ಬೀ ಸಮುದ್ರದ ಮೇಲೆ ಹಾಯ್ದು ಗುಜರಾತಿನತ್ತ ಸಾಗಿತು. ಸಾಗುವ ದಾರಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟೆಗಳ ತೀರವನ್ನೂ ಅದು ಬಿಡಲಿಲ್ಲ. ಕಡಲು ಉಕ್ಕಿ ದಡದ ಮನೆಗಳ ಅಂಗಳಕ್ಕೆ ಬಂತು; ತೆಂಗುಗಳು ಉರುಳಿದವು; ಮೀನುಗಾರರ ದೋಣಿ, ಬಲೆಗಳು ಹಾಳಾದವು. ಅಂಥ ನಷ್ಟಗಳ ಮುಂದೆ ಹೊನ್ನಾವರದ ನಮ್ಮ ಮನೆಯ ಪೂಜೆಯ ಕೋಣೆಯಲ್ಲಿ ನಡೆದ ಸಂಗತಿ ಎಷ್ಟರದು? ಆದರೂ ಗೃಹಸ್ಥರಾದ ನಮ್ಮ ಓದುಗರಿಗೆ ಅದರಿಂದ ಉಪಯೋಗವಾದೀತೆಂದು ಬರೆಯಲು ಕುಳಿತಿದ್ದೇವೆ.

ಗಾಳಿಮಳೆ ಆರಂಭವಾದ ಮೂರನೆಯ ದಿನ ಬೆಳಿಗ್ಗೆ. ನಾವು ಲಿಂಗಪೂಜೆಯನ್ನು ಮುಗಿಸಿ, ಇಷ್ಟಲಿಂಗವನ್ನು ಕರಡಿಗೆಯಲ್ಲಿರಿಸಿ ಕೊರಳಿಗೆ ಧರಿಸಿ, ಹೊರಕ್ಕೆ ಬಂದು ಇನ್ನೂ ಪಡಸಾಲೆಯನ್ನು ದಾಟಿರಲಿಲ್ಲ. ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ರೊಟ್ಟಿಯಗಲದ ಗಾರೆಯ ಚಕ್ಕೆಯೊಂದು ನಾವು ಕುಳಿತಿದ್ದ ಮಣೆಯ ಮೇಲೆಯೇ ಬಿದ್ದು ಮೂರು ಹೋಳಾಗಿತ್ತು. ವಿಭೂತಿಯ ಬಟ್ಟಲು ಮಗುಚಿತ್ತು. ನಮ್ಮ ಮನೆಯವರು ಅಡುಗೆಮನೆಯಿಂದ ಓಡಿ ಬಂದು, "ಇನ್ನೊಂದು ಗಳಿಗಿ ಕೂತಿದ್ರ ಏನಾಗ್ತಿತ್ರೀ?" ಎಂದು ಕೈಜೋಡಿಸಿ ನಿಂತರು. ಗುರು ಕಾಪಾಡಿದನೆಂದು ಅವರು ನೆರೆಹೊರೆಯವರಿಗೆಲ್ಲ ಹೇಳಿದರು. ಗುರು ಕಾಪಾಡಿದ್ದು ನಿಜವೇ ಇರಬೇಕು. ಆದರೆ ಅಲ್ಲಿ ಬಿದ್ದದ್ದು ಮಾತ್ರ ನಮ್ಮ ಉದಾಸೀನ. ಆ ಮೂಲೆಯಲ್ಲಿ ಕಂದು ಬಣ್ಣದ ಕಲೆಯೊಂದು ನಾಲ್ಕು ಮಳೆಗಾಲಗಳಿಂದ ನಮ್ಮನ್ನು ನೋಡುತ್ತಲೇ ಇತ್ತು. ನಾವು ಕಣ್ಣು ಮುಚ್ಚಿ ಧ್ಯಾನ ಮಾಡುತ್ತಿದ್ದೆವು.

ಈ ಮನೆ 1988ರಲ್ಲಿ ಕಟ್ಟಿದ್ದು; ನಾವು ಕೊಂಡದ್ದು ಆಮೇಲೆ. ಮೊದಲು ಕಟ್ಟಿಸಿದವರು ಆಗಿನ ಷೋಕಿಗೆ ಒಳಗಾಗಿ ಪಡಸಾಲೆಗೂ ಪೂಜೆಯ ಕೋಣೆಗೂ ತಾರಸಿಯ ಒಳಮೈಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದು, ಅದು ಹಸಿಯಿರುವಾಗಲೇ ಸ್ಪಂಜಿನಿಂದ ಒತ್ತಿ ಒತ್ತಿ, ಅರಳು ಚೆಲ್ಲಿದಂತೆ ಉಬ್ಬುಬ್ಬಾಗಿ ಮಾಡಿಸಿದ್ದರು. ಬಂದವರು ತಲೆಯೆತ್ತಿ ನೋಡಿ ಮೆಚ್ಚುತ್ತಿದ್ದರಂತೆ. ಮೂವತ್ತು ವರುಷಗಳಲ್ಲಿ ಅದರ ಉಬ್ಬುಗಳ ನಡುವೆ ಧೂಪದ ಹೊಗೆ, ಜೇಡರ ಬಲೆ, ಕರಾವಳಿಯ ಬೂಷ್ಟು ಎಲ್ಲವೂ ಮನೆಮಾಡಿದವು. ಒರೆಸಲು ಬಾರದು, ಗುಡಿಸಲು ಬಾರದು. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ಅಂಥ ಮೈಯಲ್ಲಿ ಬಿರುಕು ಕಾಣಿಸುವುದಿಲ್ಲ. ನುಣುಪಾದ ಗೋಡೆ ತನ್ನ ರೋಗವನ್ನು ತಾನೇ ಹೇಳುತ್ತದೆ; ಉಬ್ಬುತಗ್ಗಿನ ಅಲಂಕಾರ ಅದನ್ನು ಅಡಗಿಸುತ್ತದೆ.

ನಮಗೆ ಪರಿಚಿತರಾದ ಮೇಸ್ತ್ರಿಗಳೊಬ್ಬರು ಭಟ್ಕಳದಲ್ಲಿದ್ದಾರೆ. ಆಗ ಕೊರೋನಾ ಎರಡನೆಯ ಅಲೆಯ ಲಾಕ್‌ಡೌನು. ಹೊನ್ನಾವರಕ್ಕೆ ಬರಲು ಅವರಿಗೆ ಸಾಧ್ಯವಿರಲಿಲ್ಲ. ದೂರವಾಣಿಯಲ್ಲಿ ಎಲ್ಲವನ್ನೂ ಕೇಳಿಕೊಂಡು ಅವರೆಂದರು: "ಮಾಸ್ತರೆ, ಜೂನಿನ ಮಳೆ ಹಿಡಿಯೂಕೆ ಮೊದಲು ಆ ಉಬ್ಬು ಎಲ್ಲಾ ತೆಗೆದು ಹಾಕ್ಬೇಕು. ಒಳಗೆ ಏನಾಗಿದೆ ಅಂತ ಆಗ ಕಾಣ್ತದೆ. ಕೆರೆಯೂದು ಅಷ್ಟೆ, ಯಾರು ಬೇಕಾದ್ರೂ ಮಾಡ್ಬಹುದು."

ಯಾರು ಬೇಕಾದರೂ ಎಂಬ ಆ ಮಾತು ನಮಗೆ ಸ್ವಲ್ಪ ಚುಚ್ಚಿತು. ಏಕೆಂದರೆ ನಾಲ್ಕು ದಶಕಗಳ ಕಾಲ ವೇದಿಕೆಗಳ ಮೇಲೆ ನಿಂತು ಕಾಯಕವನ್ನು ಕುರಿತು ಪ್ರವಚನ ಮಾಡಿದವರು ನಾವು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರ ಕಥೆಯನ್ನು ನಾವು ಎಷ್ಟು ಊರುಗಳಲ್ಲಿ ಹೇಳಿಲ್ಲ! ಹುಲ್ಲು ಕೊಯ್ಯುವಾಗ ಲಿಂಗವು ಜಾರಿ ನೀರಿಗೆ ಬಿದ್ದರೂ ಕೈಯ ಕೆಲಸವನ್ನು ಅವರು ನಿಲ್ಲಿಸಲಿಲ್ಲವೆಂದು ಹೇಳುವಾಗ ಸಭೆ ಸ್ತಬ್ಧವಾಗುತ್ತಿತ್ತು. ಆ ಸಭೆಗಳಿಗೆ ನಾವು ಹೋಗಿ ಬಂದದ್ದು ಕಾರಿನಲ್ಲಿ. ಕೊರಳಿಗೆ ಬಿದ್ದದ್ದು ಹಾರ. ಶಾಲೆ ಮುಚ್ಚಿದ್ದರಿಂದ ಹುಬ್ಬಳ್ಳಿಯಿಂದ ಬಂದು ನಮ್ಮಲ್ಲಿಯೇ ಉಳಿದಿದ್ದ ಹನ್ನೆರಡು ವರುಷದ ಮೊಮ್ಮಗ, ಮೇಸ್ತ್ರಿಗಳ ಮಾತು ಕೇಳಿಸಿಕೊಂಡು, "ಅಜ್ಜಾ, ನಿನಗ ಏಣಿ ಹತ್ತಾಕ ಬರ್ತದೇನು?" ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ಕುಚೋದ್ಯವೇನೂ ಇರಲಿಲ್ಲ. ನಾವು ಏಣಿ ಹತ್ತಿದ್ದನ್ನು ಅವನು ಕಂಡೇ ಇರಲಿಲ್ಲ.

ಆದರೆ ನಮಗೆ ಏಣಿ ಹತ್ತಲು ಬರುತ್ತಿತ್ತು. ಬಯಲುಸೀಮೆಯ ಮಠವೊಂದರಲ್ಲಿ ನಾವು ಓದುತ್ತಿದ್ದ ಕಾಲದಲ್ಲಿ, ಜಾತ್ರೆಗೆ ಹದಿನೈದು ದಿನ ಮುಂಚೆ ಮಠಕ್ಕೆಲ್ಲ ಸುಣ್ಣ ಬಳಿಯುವುದು ವಿದ್ಯಾರ್ಥಿಗಳ ಪಾಲಿನ ಕೆಲಸ. ಗುಂಡಿಯಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಬಿಟ್ಟು ವಾರಗಟ್ಟಲೆ ನೆನೆಸುತ್ತಿದ್ದರು. ಕತ್ತಾಳೆಯ ನಾರನ್ನು ಜಜ್ಜಿ ಕಟ್ಟಿದ ಕುಂಚಗಳು. ಸಂಸ್ಕೃತ ಪಾಠ ಹೇಳುತ್ತಿದ್ದ ನಮ್ಮ ಗುರುಗಳೇ ಕಾವಿಯನ್ನು ಎತ್ತಿ ಕಟ್ಟಿ ಸುಣ್ಣ ಸೋಸುತ್ತಿದ್ದರು. ಜಂತಿ, ತೊಲೆಗಳ ನಡುವೆ ಕುಂಚ ಆಡಿಸುವುದು ಸಣ್ಣವರಾದ ನಮ್ಮ ಕೆಲಸ. ಮೈಯೆಲ್ಲ ಬೆಳ್ಳಗಾಗಿ ಇಳಿದು ಬಂದಾಗ ಗುರುಗಳು, ಪೂರ್ತಿ ಉದ್ಧೂಳನವಾಯಿತೆಂದು ನಗುತ್ತಿದ್ದರು. ಆ ವಿದ್ಯೆಯನ್ನು ನಾವು ಕಾಶಿಕಾವೃತ್ತಿಗಿಂತ ಬೇಗ ಮರೆತಿದ್ದೆವು ಎಂಬುದು ಬೇರೆ ಮಾತು.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಎಚ್ಚರಿಕೆ ಅಮೆರಿಕೆಯಿಂದ ಬಂತು. ಅಲ್ಲಿರುವ ನಮ್ಮ ಅಕ್ಕನ ಮಗನಿಗೆ ಸುದ್ದಿ ಮುಟ್ಟಿ, "ಮಾವಾ, ಮೊದಲು ಅದರಾಗ ಕಲ್ನಾರು ಇಲ್ಲ ಅನ್ನೋದನ್ನ ಖಾತ್ರಿ ಮಾಡ್ಕೋರಿ," ಎಂದು ಅವಸರದಿಂದ ಹೇಳಿದ. ಅಲ್ಲಿ ಇಂಥ ಉಬ್ಬುತಗ್ಗಿನ ಛಾವಣಿಗಳಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆಸಿ ಸಿಂಪಡಿಸುತ್ತಿದ್ದರಂತೆ; 1978ರಲ್ಲಿ ಅದನ್ನು ನಿಷೇಧಿಸಿದರು. ಬ್ರಿಟನ್ನಿನಲ್ಲಿ ಕಲ್ನಾರಿನ ಪೂರ್ಣ ನಿಷೇಧ ಬಂದದ್ದು 1999ರಲ್ಲಿ. ಅದರ ಎಳೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಒಣಗಿದ್ದನ್ನು ಕೆರೆದರೆ ಗಾಳಿಯಲ್ಲಿ ತೇಲಿ ಶ್ವಾಸಕೋಶವನ್ನು ಸೇರುತ್ತದೆ. ದಶಕಗಳ ಅನಂತರ ಕ್ಯಾನ್ಸರ್ ಆಗಿ ಎದ್ದು ಬರಬಲ್ಲದು. ನಮ್ಮ ಮನೆಯ ಪೂಜೆಯ ಕೋಣೆಗೆ ಬಳಿದದ್ದು ಬರಿಯ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬುದನ್ನು, ಅಂದು ಅದನ್ನು ಬಳಿದ ಕೆಲಸಗಾರನೇ ಇನ್ನೂ ಇದ್ದುದರಿಂದ, ಕೇಳಿ ತಿಳಿದೆವು. ಆದರೆ ಓದುಗರಲ್ಲಿ ಅನೇಕರ ಮನೆಗಳಲ್ಲಿ, ಹಂಚಿನ ಮಾಡಿನ ಕೆಳಗೆ, ಸಿಮೆಂಟಿನ ಬೂದುಬಣ್ಣದ ಹಾಳೆಗಳನ್ನು ಮೊಳೆ ಹೊಡೆದು ಕೂರಿಸಿದ ಸೀಲಿಂಗ್ ಇದ್ದೀತು. ಅದು ಕಲ್ನಾರಿನದೇ ಆಗಿರುವ ಸಂಭವ ಹೆಚ್ಚು. ಅದನ್ನು ಕೆರೆಯಲೂ ಬಾರದು, ಕೊರೆಯಲೂ ಬಾರದು, ಉಪ್ಪುಕಾಗದ ತಿಕ್ಕಲೂ ಬಾರದು. ಮುಕ್ಕಾಗದೆ ಗಟ್ಟಿಯಾಗಿದ್ದರೆ ಮೇಲೆ ಬಣ್ಣ ಬಳಿದು ಸುಮ್ಮನಿರಬೇಕು; ಒಡೆದಿದ್ದರೆ ತಿಳಿದವರನ್ನು ಕರೆಯಬೇಕು. ಹಳೆಯ ಎಣ್ಣೆಬಣ್ಣದ ವಿಷಯವೂ ಹೀಗೆಯೇ. ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲಿನ ಬಣ್ಣವನ್ನು ಮಕ್ಕಳಿರುವ ಮನೆಯಲ್ಲಿ ಒಣಗಿದಂತೆಯೇ ತಿಕ್ಕುವುದು ತಪ್ಪು.

ಪೂಜೆಯನ್ನು ಅಡುಗೆಮನೆಯ ಮೂಲೆಗೆ ಸಾಗಿಸಿದೆವು. ಕೋಣೆಯನ್ನು ಬರಿದು ಮಾಡಿ, ನೆಲಕ್ಕೆ ಅಡಿಕೆ ಒಣಗಿಸುವ ತಾಡಪಾಲು ಹಾಸಿ, ವಿದ್ಯುತ್ತಿನ ಮೇನನ್ನು ಆರಿಸಿ, ಫ್ಯಾನನ್ನು ಇಳಿಸಿದೆವು. ಬಾಯಿ ಮೂಗಿಗೆ ಕಟ್ಟುವ ಮಾಸ್ಕು ಆ ದಿನಗಳಲ್ಲಿ ಹುಡುಕಬೇಕಾಗಿರಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬುದು ಜಿಪ್ಸಮ್ ಕಲ್ಲನ್ನು ಹದವಾಗಿ ಸುಟ್ಟು, ಅದರೊಳಗಿನ ನೀರಿನ ಬಹುಪಾಲನ್ನು ಹೊರಗಟ್ಟಿ ಮಾಡಿದ ಹುಡಿ. ನೀರು ಬೆರೆಸಿದರೆ ಮತ್ತೆ ಕಲ್ಲಾಗುತ್ತದೆ. ಆದರೆ ಸಿಮೆಂಟಿನಂತೆ ನೀರನ್ನು ತಡೆಯುವ ಕಲ್ಲಲ್ಲ, ನೆನೆದರೆ ಮೆತ್ತಗಾಗುವ ಕಲ್ಲು. ವರುಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಲ್ಲಿ ತಾರಸಿಯ ಒಳಮೈಗೆ ಅದನ್ನು ಬಳಿಯುವುದು ಜಾಣತನವಲ್ಲ. ಆದರೆ ತೆಗೆಯುವವನಿಗೆ ಆ ದೋಷವೇ ಉಪಕಾರ. ನೆರೆಮನೆಯ ಹೆಗಡೆಯವರು ಅಡಿಕೆ ಮರಗಳಿಗೆ ಕೊಳೆರೋಗದ ಔಷಧ ಹೊಡೆಯುವ ಕೈಪಂಪನ್ನು ತೊಳೆದು ಕೊಟ್ಟರು. ನಾಲ್ಕಡಿ ಚೌಕದಷ್ಟು ಜಾಗಕ್ಕೆ ನೀರು ಸಿಂಪಡಿಸುವುದು, ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ಸಿಂಪಡಿಸುವುದು, ಆಮೇಲೆ ಅಗಲ ಪಟ್ಟಿಯನ್ನು ಓರೆಯಾಗಿ ಹಿಡಿದು ತಳ್ಳುವುದು. ನೆನೆದ ಭಾಗ ದೋಸೆ ಎದ್ದು ಬಂದಂತೆ ಹಾಳೆ ಹಾಳೆಯಾಗಿ ಬಂತು. ಧೂಳು ಏಳಲಿಲ್ಲ.

ಮೊದಲ ದಿನ ನಾವು ಇಷ್ಟು ವಿವೇಕದಿಂದ ನಡೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಒಣಗಿದ್ದನ್ನೇ ಬಲದಿಂದ ಕೆರೆದು, ಒಂದು ಗಂಟೆಯಲ್ಲಿ ಎರಡು ಅಂಗೈಯಗಲ ಬಿಡಿಸಿ, ಕೆಮ್ಮುತ್ತ ಕೆಳಗಿಳಿದಿದ್ದೆವು. ಸಂಜೆ ಭಟ್ಕಳದಿಂದ ಪಾಠವಾಯಿತು: "ಒಣಗಿದ್ದನ್ನು ಕೆರೆಯೂಕೆ ಹೋಗ್ಬೇಡಿ ಮಾಸ್ತರೆ. ಅದಕ್ಕೆ ನೀರು ಕುಡಿಸಿ, ನೀವೂ ಚಾ ಕುಡೀರಿ, ಆಮೇಲೆ ಕೈ ಹಾಕಿ." ಹನ್ನೊಂದು ಅಡಿಗೆ ಹತ್ತು ಅಡಿಯ ಆ ಚಿಕ್ಕ ಕೋಣೆಗೆ ನಮಗೆ ಆರು ದಿನ ಹಿಡಿಯಿತು. ತಲೆ ಮೇಲೆತ್ತಿ ನಿಲ್ಲುವ ಕೆಲಸ ಅರುವತ್ತು ದಾಟಿದ ಕೊರಳಿಗೆ ಎಷ್ಟು ಕಠಿಣವೆಂಬುದನ್ನು ಶಬ್ದಗಳಲ್ಲಿ ಹೇಳಲಾರೆವು. ಮೊಮ್ಮಗ ಏಣಿಯ ಬುಡವನ್ನು ಹಿಡಿದು ನಿಲ್ಲುತ್ತಿದ್ದ. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, "ಇಳಿ ಅಜ್ಜಾ," ಎನ್ನುತ್ತಿದ್ದ. ಅದು ಅವನ ಅಜ್ಜಿಯ ಅಪ್ಪಣೆ.

ಐದನೆಯ ದಿನ ಆ ಕಂದು ಕಲೆಯ ಮೂಲೆಗೆ ಬಂದೆವು. ಪಟ್ಟಿ ತಾಗುವಷ್ಟರಲ್ಲೇ ಪ್ಲಾಸ್ಟರಿನ ಜೊತೆಗೆ ಕಾಂಕ್ರೀಟಿನ ಚಕ್ಕೆಯೂ ಬಂತು. ಒಳಗೆ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ, ಬೆಲ್ಲದ ಪಾಕ ಹಾಕಿದ ಚಕ್ಕುಲಿಯಂತೆ ಪದರು ಪದರಾಗಿ ನಿಂತಿತ್ತು. ನಾವು ಏಣಿಯ ಮೇಲೆ ಹಾಗೆಯೇ ನಿಂತೆವು. ಮಣೆಯ ಮೇಲೆ ಬಿದ್ದ ಆ ಚಕ್ಕೆ ಅಲಂಕಾರದ ಚೂರಲ್ಲ, ಮನೆಯ ಮಾಂಸ. ಇಪ್ಪತ್ತೈದು ವರುಷ ಅದರ ಕೆಳಗೆ ನಾವು ಕುಳಿತಿದ್ದೆವು. ಮೊಮ್ಮಗನಿಗೆ ಲಿಂಗದೀಕ್ಷೆ ಆದಾಗ ಅವನನ್ನು ಕೂರಿಸಿದ್ದೂ ಅದೇ ಮೂಲೆಯಲ್ಲಿ. ಅವನನ್ನು ಕೋಣೆಯಿಂದ ಆಚೆ ಹೋಗೆಂದು ಗದರಿಸಿದ ದನಿ ನಮ್ಮದೆಂದು ನಮಗೇ ಅನಿಸಲಿಲ್ಲ.

ಇದಕ್ಕೆ ಕಾರಣವನ್ನು ಆಮೇಲೆ ನಿವೃತ್ತ ಇಂಜಿನಿಯರರೊಬ್ಬರು ಬಂದು ನೋಡಿ ವಿವರಿಸಿದರು. ಸಿಮೆಂಟು ಕ್ಷಾರಗುಣದ್ದಾದ್ದರಿಂದ ಅದರೊಳಗಿನ ಸರಳಿಗೆ ಸಾಧಾರಣವಾಗಿ ತುಕ್ಕು ಹಿಡಿಯುವುದಿಲ್ಲ. ಆದರೆ ಕಡಲಗಾಳಿಯ ಉಪ್ಪು, ಸರಿಯಾಗಿ ತೊಳೆಯದ ಮರಳಿನ ಉಪ್ಪು, ಮೇಲಿನಿಂದ ಇಳಿಯುವ ನೀರು ಇವು ಕೂಡಿದರೆ ಆ ರಕ್ಷೆ ಮುರಿಯುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಜಾಗವಿಲ್ಲದೆ ಕಾಂಕ್ರೀಟನ್ನು ಒಡೆದು ಹೊರಗೆ ನೂಕುತ್ತದೆ. ಕಡಲತೀರದ ಕಟ್ಟಡಗಳಲ್ಲಿ ಸರಳಿನ ಮೇಲೆ 45 ಮಿಲಿಮೀಟರಿನಷ್ಟು ಕಾಂಕ್ರೀಟಿನ ಹೊದಿಕೆ ಇರಬೇಕೆಂದು 2000ದಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 456 ಹೇಳುತ್ತದೆಯಂತೆ. ಅವರು ಅಳೆದಾಗ ನಮ್ಮ ಮನೆಯಲ್ಲಿ ಸಿಕ್ಕಿದ್ದು 15. ಆ ಮೂಲೆಗೆ ಕೂಡಲೇ ಅಡಿಕೆಯ ದಬ್ಬೆ ಹಲಗೆಗಳ ಆಧಾರ ಕೊಡಿಸಿ, ಇನ್ನು ಕೈ ಹಚ್ಚಬಾರದೆಂದರು. ಕೆರೆಯುವ ಕೆಲಸ ಯಾರು ಬೇಕಾದರೂ ಮಾಡಬಹುದು. ಇದು ಯಾರು ಬೇಕಾದರೂ ಮಾಡುವ ಕೆಲಸವಲ್ಲ. ಒಂದು ಮಳೆಗಾಲವನ್ನು ತಾರಸಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಕಳೆದೆವು.

ಆ ಮಳೆಗಾಲದಲ್ಲಿ ನಮಗೆ ಹಳೆಯ ಛಾವಣಿಗಳ ಚಿಂತೆಯೇ ಚಿಂತೆ. ಇಲ್ಲಿಯ ಹಿಂದಿನ ಮನೆಗಳಲ್ಲಿ ಚಿರೆಕಲ್ಲಿನ ಗೋಡೆ, ಮೇಲೆ ಹಂಚು, ಹಂಚಿನ ಕೆಳಗೆ ಹಲಸಿನ ಹಲಗೆಯ ಮುಚ್ಚಿಗೆ. ಹಂಚು ಒಡೆದರೆ ಕೂಡಲೇ ಗೊತ್ತಾಗುತ್ತಿತ್ತು. ಒಂದು ಹಂಚು ಬದಲಿಸಿದರೆ ಮುಗಿಯಿತು. ಭಟ್ಕಳದಲ್ಲಿ ಹದಿನಾರನೆಯ ಶತಮಾನದ ಕೇತಪೈ ನಾರಾಯಣ ದೇವಾಲಯವಿದೆ. ಅದರ ಮಾಡು ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿಗಳದು. ಮರದ ಮನೆಯ ಮಾಟವನ್ನೇ ಕಲ್ಲಿನಲ್ಲಿ ತಂದಿದ್ದಾರೆ. ಈ ಸೀಮೆಯ ಮಳೆಗೆ ಇಳಿಜಾರೇ ಉತ್ತರವೆಂದು ಅಂದಿನವರಿಗೆ ತಿಳಿದಿತ್ತು. ಸಪಾಟು ತಾರಸಿ ನಮ್ಮ ಕಾಲದ ಹಟ. ಅದನ್ನು ಬೈಯುವ ಅಧಿಕಾರ ನಮಗಿಲ್ಲ. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ ಒಣಗಿಸಿಕೊಂಡವರೂ ನಾವೇ.

ದೀಪಾವಳಿಯ ಅನಂತರ ಭಟ್ಕಳದ ಮೇಸ್ತ್ರಿಗಳು ಇಬ್ಬರು ಹುಡುಗರೊಡನೆ ಬಂದರು. ಮೊದಲು ತಾರಸಿಯ ಮೇಲ್ಮೈಗೆ ನೀರಿಳಿಯದ ಹೊದಿಕೆ. ಸೋರಿಕೆ ನಿಲ್ಲಿಸದೆ ಕೆಳಗೆ ಏನು ಮಾಡಿದರೂ ವ್ಯರ್ಥ. ಆಮೇಲೆ ಸಡಿಲ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೂ ಒಡೆದು ತೆಗೆದು, ತಂತಿಬ್ರಷ್ಷಿನಿಂದ ತುಕ್ಕು ಉಜ್ಜಿ, ಸವೆದ ಒಂದು ಸರಳಿನ ಪಕ್ಕಕ್ಕೆ ಹೊಸದನ್ನು ಕಟ್ಟಿ, ತುಕ್ಕುನಿರೋಧಕ ಬಳಿದು, ವಿಶೇಷ ಗಾರೆಯಿಂದ ತುಂಬಿದರು. ಕೋಣೆಯ ಉಳಿದ ಭಾಗದ ಗಿಲಾವನ್ನು ಕರಣೆಯಿಂದ ತಾವೇ ತಿದ್ದುತ್ತೇವೆಂದಾಗ ನಾವು ಒಪ್ಪಲಿಲ್ಲ. ಅವರು ನಮ್ಮನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿ, ಒಂದು ಹಳೆಯ ಕರಣೆಯನ್ನು ಬಿಟ್ಟು ಹೋದರು.

ಕೊನೆಯ ಲೇಪ ಯಾವುದೆಂಬುದು ಮನೆಯಲ್ಲಿ ಎರಡು ದಿನದ ಚರ್ಚೆಯಾಯಿತು. ಅಂಗಡಿಯವರು ಪುಟ್ಟಿ, ಪ್ರೈಮರು, ಎಮಲ್ಶನ್ನು ಎಂದರು. ನಮ್ಮ ಮನಸ್ಸು ಸುಣ್ಣದ ಕಡೆಗೆ. ಸುಣ್ಣಕ್ಕೆ ಬೂಷ್ಟು ಹಿಡಿಯುವುದು ಕಡಿಮೆ. ಗೋಡೆಯ ತೇವ ಹೊರಗೆ ಬರಲು ಅದು ದಾರಿ ಬಿಡುತ್ತದೆ. ಮತ್ತೆ ಕಲೆ ಎದ್ದರೆ ಮರೆಮಾಡದೆ ತೋರಿಸುತ್ತದೆ. ಈ ಕರಾವಳಿಯ ಹಳೆಯ ಸುಣ್ಣವೆಂದರೆ ಚಿಪ್ಪಿನ ಸುಣ್ಣ. ಕುಮಟೆಯ ಕಡೆ ಅಘನಾಶಿನಿಯ ಅಳಿವೆಯಲ್ಲಿ ಬಳಚಿನ ಚಿಪ್ಪುಗಳು ರಾಶಿ ರಾಶಿಯಾಗಿ ದೊರೆಯುತ್ತವೆ. ಅವನ್ನು ಸುಟ್ಟರೆ ಸುಟ್ಟ ಸುಣ್ಣ. ನೀರು ಕೂಡಿದರೆ ಅರಳಿದ ಸುಣ್ಣ. ಗೋಡೆಗೆ ಬಳಿದ ಮೇಲೆ ಗಾಳಿಯ ಅಂಗಾರಾಮ್ಲವನ್ನು ಹೀರಿಕೊಂಡು ಮೊದಲು ಯಾವುದಾಗಿತ್ತೋ ಅದೇ ಆಗಿ ಗಟ್ಟಿಯಾಗುತ್ತದೆ. ನಮ್ಮ ಮನೆಯವರು ಒಂದು ಆಕ್ಷೇಪ ತೆಗೆದರು: ಪೂಜೆಯ ಕೋಣೆಗೆ ಪ್ರಾಣಿಯ ಚಿಪ್ಪು ಸಲ್ಲುತ್ತದೆಯೆ? ಪ್ರಶ್ನೆ ಹಗುರವಾದುದಲ್ಲ. ಜೀವ ಕಳೆದುಹೋದ ಮೇಲೆ ಉಳಿದ, ಬೆಂಕಿಯಲ್ಲಿ ಸುಟ್ಟು ಭಸ್ಮವಾದ ವಸ್ತುವಿಗೆ ದೋಷವಿಲ್ಲವೆಂದು ನಮಗೆ ತೋರಿತು. ಹಾಗಲ್ಲವಾದರೆ ಕರಾವಳಿಗೆ ಬಂದಾಗಿನಿಂದ ತಾಂಬೂಲದಲ್ಲಿ ನಾವಿಬ್ಬರೂ ತಿಂದ ಸುಣ್ಣದ ಲೆಕ್ಕವನ್ನೂ ತೆಗೆಯಬೇಕಾದೀತು ಎಂದೆವು. ಅವರು ನಕ್ಕರು, ಪೂರ್ಣ ಒಪ್ಪಿದರೆಂದು ಹೇಳಲಾರೆವು. ಮಣೆ ಇಡುವ ಜಾಗವನ್ನು ಮಾತ್ರ ಮೂರು ಸಲ ತೊಳೆಸಿದರು.

ಇಲ್ಲಿ ನಮ್ಮದೊಂದು ತಪ್ಪನ್ನು ಬರೆಯಬೇಕು. ಸುಟ್ಟ ಸುಣ್ಣವನ್ನು ಅರಳಿಸುವಾಗ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು. ಹುಡುಗನಾಗಿ ಕಂಡದ್ದೇ. ಆದರೂ ಬಕೆಟ್ಟಿನ ತಳದಲ್ಲಿ ಉಳಿದಿದ್ದ ಸುಣ್ಣಕ್ಕೆ ಒಂದು ತಂಬಿಗೆ ನೀರು ಹೊಯ್ದೆವು. ಅದು ಕೊತಕೊತ ಕುದಿದು ಸಿಡಿಯಿತು. ಬೆವರೊರೆಸಲು ಕನ್ನಡಕವನ್ನು ತೆಗೆದಿಟ್ಟಿದ್ದೆವು. ಎಡಗಣ್ಣಿಗೆ ಒಂದು ಹನಿ ಹಾರಿತು. ಆ ಉರಿಯನ್ನು ಮರೆಯುವಂತಿಲ್ಲ. ಮೊಮ್ಮಗ ನಲ್ಲಿಯ ಕೆಳಗೆ ನಮ್ಮ ತಲೆಯನ್ನು ಹಿಡಿದು, ಇಪ್ಪತ್ತು ನಿಮಿಷ ಬಿಡದೆ ಕಣ್ಣಿಗೆ ನೀರು ಹಾಯಿಸಿದ. ಆಮೇಲೆ ವೈದ್ಯರಲ್ಲಿಗೆ ಹೋದೆವು. ನೀರು ಹಾಯಿಸಿದ್ದರಿಂದಲೇ ಕಣ್ಣು ಉಳಿಯಿತೆಂದು ವೈದ್ಯರು ಹೇಳಿದರು. ಒಂದು ವಾರ ಓದು ಬರೆಹ ನಿಂತಿತು. ಸುಣ್ಣದ ಕೆಲಸಕ್ಕೆ ಇಳಿಯುವವರು ಮುಚ್ಚುಗನ್ನಡಕವನ್ನೂ ರಬ್ಬರಿನ ಕೈಚೀಲವನ್ನೂ ಧರಿಸದೆ ಇಳಿಯಕೂಡದು.

ಅರಳಿದ ಸುಣ್ಣವನ್ನು ಹದಿನೈದು ದಿನ ನೀರಿನಡಿ ಇಟ್ಟು, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಂಡೆವು. ದಪ್ಪಗೆ ಬಳಿದರೆ ಒಣಗಿ ಉದುರುತ್ತದೆ. ಬಳಿಯುವ ಮುನ್ನ ಮೈಯನ್ನು ನೀರಿನಿಂದ ತೋಯಿಸಬೇಕು. ಮೊದಲ ಲೇಪ ಬಳಿದಾಗ ಬಿಳುಪೇ ಕಾಣದೆ ಮೊಮ್ಮಗನಿಗೆ ನಿರಾಸೆಯಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ತೆಳು ಬೆಳ್ಳಗೆ ಎದ್ದಿತ್ತು. ದಿನಕ್ಕೊಂದರಂತೆ ನಾಲ್ಕು ಲೇಪಗಳಾದವು. ನಾಲ್ಕನೆಯದನ್ನು ಅವನೇ ಬಳಿದ; ಏಣಿಯ ಬುಡ ಹಿಡಿದವರು ನಾವು.

ಡಿಸೆಂಬರಿನಲ್ಲಿ ಮೇಸ್ತ್ರಿಗಳು ತಮ್ಮ ಕರಣೆಯನ್ನು ಒಯ್ಯಲು ಬಂದರು. ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ತಲೆಯೆತ್ತಿ ಬಹಳ ಹೊತ್ತು ನೋಡಿದರು. ಏಣಿ ತರಿಸಿ ಹತ್ತಿ, ಅಂಗೈಯನ್ನು ಛಾವಣಿಯ ಮೇಲೆ ನಿಧಾನವಾಗಿ ಎಳೆದರು. "ಎರಡು ಕಡೆ ಕರಣೆ ಒತ್ತಿ ಹಿಡಿದಿದ್ದೀರಿ ಮಾಸ್ತರೆ," ಎಂದು ಕಿಟಕಿಯ ಮೇಲ್ಭಾಗದಲ್ಲಿ ತೋರಿಸಿದರು. ನಾವು ಅದನ್ನು ನೋಡಿಯೇ ಇರಲಿಲ್ಲ. ಈಗ ಪೂಜೆಗೆ ಕುಳಿತಾಗಲೆಲ್ಲ ಅದೇ ಕಾಣುತ್ತದೆ.